ಶ್ರುತರಕ್ಷಣೆಯಲ್ಲಿ ಬೀಜನ್ಯಾಯ: ಹರಡಿ ಉಳಿಸುವ ವಿಧಾನದ ಐತಿಹಾಸಿಕ ಪರಾಮರ್ಶೆ

ಶಾಸ್ತ್ರಗಳನ್ನು ಕಾಯುವ ವಿಧಾನಗಳು ಎರಡು. ಇರುವ ಪ್ರತಿಯನ್ನು ಒಂದೆಡೆ ಕೂಡಿಟ್ಟು, ಬೀಗಮುದ್ರೆಗಳಿಂದ ಭದ್ರಪಡಿಸಿ ಕಾಯುವುದು ಒಂದು ವಿಧಾನ. ಪ್ರತಿಯಿಂದ ಪ್ರತಿ ಮಾಡಿಸಿ ಹಲವೆಡೆ ಹಂಚಿ, ಯಾವೊಂದು ಪ್ರತಿ ನಷ್ಟವಾದರೂ ಗ್ರಂಥವು ನಷ್ಟವಾಗದಂತೆ ಮಾಡುವುದು ಇನ್ನೊಂದು. ಮೊದಲನೆಯದನ್ನು ನಿಧಿನ್ಯಾಯವೆಂದೂ ಎರಡನೆಯದನ್ನು ಬೀಜನ್ಯಾಯವೆಂದೂ ಕರೆಯಬಹುದು. ತಾರ್ಕಿಕರಲ್ಲಿ ಪ್ರಸಿದ್ಧವಾದ ಬೀಜಾಂಕುರನ್ಯಾಯವು ಇಲ್ಲಿ ವಿವಕ್ಷಿತವಲ್ಲ. ವೃಕ್ಷವು ತನ್ನ ಸಂತತಿಯನ್ನು ಕಾಯುವ ಬಗೆಯೇ ಇಲ್ಲಿ ಉಪಮಾನ. ಜೈನ ಪರಂಪರೆಯಲ್ಲಿ ಈ ಎರಡು ವಿಧಾನಗಳೂ ಆಚರಣೆಯಲ್ಲಿದ್ದವು. ಯಾವುದರಿಂದ ಏನು ಉಳಿಯಿತು, ಏನು ಅಳಿಯಿತು ಎಂಬುದನ್ನು ಕೆಲವು ಸುಪರಿಚಿತ ಪ್ರಸಂಗಗಳ ಆಧಾರದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಒಂದು ಸದ್ಯದ ಕಾರಣವೂ ಇದೆ. ಓಲೆಗರಿಯ ಕಟ್ಟುಗಳ ಛಾಯಾಪ್ರತಿಗಳು ಈಗ ಗಣಕಯಂತ್ರಗಳನ್ನು ಸೇರುತ್ತಿವೆ. ಅವುಗಳನ್ನು ಒಂದು ಕೇಂದ್ರದಲ್ಲಿ ಇಡಬೇಕೆ, ಹಲವು ಕಡೆ ಹರಡಬೇಕೆ ಎಂಬ ಪ್ರಶ್ನೆ ಎದ್ದಿದೆ. ಗಣಕವಿಜ್ಞಾನಿಗಳು ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಪ್ರಕೃತಿಯ ಕಡೆಗೆ ನೋಡಿದ್ದಾರೆ. ಅವರು ಕಂಡುಕೊಂಡ ತತ್ತ್ವಗಳಲ್ಲಿ ಹಲವು ನಮ್ಮ ಲಿಪಿಕಾರರ ಹಾಗೂ ಆಚಾರ್ಯರ ಆಚರಣೆಯಲ್ಲಿ ಮೊದಲೇ ಇದ್ದವು.

ಪ್ರಕೃತಿಯ ಸಂಗ್ರಹವಿಧಾನ

ತುಳುನಾಡಿನ ಹಾಗೂ ಮಲೆನಾಡಿನ ಅನೇಕ ಗ್ರಂಥಗಳಿಗೆ ಆಧಾರವಾದ ಶ್ರೀತಾಳ ವೃಕ್ಷವೇ ಈ ವಿಷಯದಲ್ಲಿ ಉತ್ತಮ ನಿದರ್ಶನ. ಈ ಮರವು ಹಲವು ದಶಕಗಳ ಕಾಲ ಎಲೆಗಳನ್ನಷ್ಟೇ ಬಿಡುತ್ತ ಬೆಳೆಯುತ್ತದೆ. ಆಯುಷ್ಯದ ಕೊನೆಯಲ್ಲಿ ಒಂದೇ ಒಂದು ಸಲ ಹೂವಾಗುತ್ತದೆ. ಅದರ ಹೂಗೊಂಚಲು ಸಸ್ಯಜಾತಿಗಳಲ್ಲೆಲ್ಲ ಅತ್ಯಂತ ದೊಡ್ಡದೆಂದು ಪ್ರಸಿದ್ಧ. ಹೂವು ಕಾಯಾಗಿ ಮಾಗಲು ಸುಮಾರು ಒಂದು ವರ್ಷ ಬೇಕು. ಅಸಂಖ್ಯ ಬೀಜಗಳನ್ನು ಉದುರಿಸಿದ ಮೇಲೆ ಮರವು ಒಣಗಿ ಹೋಗುತ್ತದೆ. ಮರ ಉಳಿಯುವುದಿಲ್ಲ, ಜಾತಿ ಉಳಿಯುತ್ತದೆ. ಆ ಬೀಜಗಳಲ್ಲಿ ಹೆಚ್ಚಿನವು ನಾಶವಾದರೂ ಚಿಂತೆಯಿಲ್ಲ, ಕೆಲವು ಮೊಳೆತರೆ ಸಾಕು.

ಇಲ್ಲಿ ಗಮನಿಸಬೇಕಾದ ಅಂಶಗಳು ನಾಲ್ಕು. ಮೊದಲನೆಯದು ಬಾಹುಳ್ಯ, ಅಂದರೆ ಒಂದಕ್ಕೆ ಬದಲು ಹಲವು. ಎರಡನೆಯದು ವಿಕಿರಣ, ಅಂದರೆ ಒಂದೇ ಕಡೆ ಬೀಳದೆ ಹಲವು ಕಡೆ ಹರಡುವುದು. ಮೂರನೆಯದು ಪೂರ್ಣತೆ: ಪ್ರತಿಯೊಂದು ಬೀಜವೂ ವೃಕ್ಷದ ಒಂದು ಅಂಶವನ್ನು ಮಾತ್ರವಲ್ಲ, ಇಡೀ ವೃಕ್ಷವನ್ನು ಹೊತ್ತಿರುತ್ತದೆ. ನಾಲ್ಕನೆಯದು ಸ್ವಾತಂತ್ರ್ಯ: ಒಂದು ಬೀಜಕ್ಕೆ ತಗುಲಿದ ಹುಳುಕು ಇನ್ನೊಂದಕ್ಕೆ ತಾನಾಗಿ ತಗುಲುವುದಿಲ್ಲ. ಈ ನಾಲ್ಕರಲ್ಲಿ ಯಾವುದು ಕೊರತೆಯಾದರೂ ರಕ್ಷಣೆ ಅಪೂರ್ಣವೆಂಬುದನ್ನು ಮುಂದಿನ ಪ್ರಸಂಗಗಳಲ್ಲಿ ನೋಡಬಹುದು.

ಗೆದ್ದಲು ಗ್ರಂಥಭಂಡಾರಗಳ ಪರಮಶತ್ರು. ಅದರಿಂದಲೂ ಆಧುನಿಕರು ಒಂದು ಪಾಠವನ್ನು ಕಲಿತಿದ್ದಾರೆ. ಫ್ರಾನ್ಸಿನ ಪ್ರಾಣಿವಿಜ್ಞಾನಿ ಪಿಯೆರ್ ಪಾಲ್ ಗ್ರಾಸೆ ೧೯೫೯ರಲ್ಲಿ ಹುತ್ತದ ರಚನೆಯನ್ನು ವಿವೇಚಿಸಿ, ಯಾವ ಮೇಸ್ತ್ರಿಯ ಆಜ್ಞೆಯೂ ಇಲ್ಲದೆ, ಹಿಂದಿನ ಹುಳು ಮಾಡಿಟ್ಟ ಕೆಲಸವೇ ಮುಂದಿನ ಹುಳುವಿಗೆ ಪ್ರೇರಣೆಯಾಗಿ ಇಡೀ ಹುತ್ತ ಏಳುತ್ತದೆ ಎಂದು ತೋರಿಸಿದರು. ಇದೇ ಬಗೆಯ ಸಹಕಾರವನ್ನು ಇರುವೆಗಳಲ್ಲಿ ಕಂಡು ಗಣಕವಿಜ್ಞಾನದ ಒಂದು ಶಾಖೆಯೇ ಮುಂದೆ ಬೆಳೆಯಿತು. ಒಡೆಯನಿಲ್ಲದ ಸಹಕಾರದಿಂದಲೂ ಮಹತ್ಕಾರ್ಯ ಸಾಧ್ಯವೆಂಬುದು ಇದರ ಸಾರ.

ಬಾಯಿಪಾಠದ ಕಾಲದಲ್ಲಿ

ಶ್ರುತವು ಲಿಪಿಗೆ ಇಳಿಯುವ ಮೊದಲು ಮುನಿಗಳ ಸ್ಮೃತಿಯೇ ಅದರ ಭಂಡಾರವಾಗಿತ್ತು. ಧಾರಣಾಶಕ್ತಿ ಕುಗ್ಗಿದಂತೆ ಶ್ರುತವೂ ಕುಗ್ಗಿತು. ಧರಸೇನಾಚಾರ್ಯರು ಗಿರಿನಗರದ ಚಂದ್ರಗುಹೆಯಲ್ಲಿದ್ದಾಗ, ತಮ್ಮೊಡನೆಯೇ ಶ್ರುತವು ವಿಚ್ಛಿನ್ನವಾದೀತೆಂಬ ಆತಂಕದಿಂದ ದಕ್ಷಿಣಾಪಥದ ಮುನಿಸಂಘಕ್ಕೆ ಲೇಖವನ್ನು ಕಳುಹಿಸಿದ ವೃತ್ತಾಂತವನ್ನು ಧವಲಾಟೀಕೆಯಿಂದಲೂ ಇಂದ್ರನಂದಿಯ ಶ್ರುತಾವತಾರದಿಂದಲೂ ಎಲ್ಲರೂ ಬಲ್ಲರು. ಬಂದವರು ಇಬ್ಬರು ಮುನಿಗಳು. ಆಚಾರ್ಯರು ಅವರಿಗೆ ಕೂಡಲೇ ಪಾಠವನ್ನು ಆರಂಭಿಸಲಿಲ್ಲ. ಒಬ್ಬರಿಗೆ ಹೀನಾಕ್ಷರವಾದ, ಇನ್ನೊಬ್ಬರಿಗೆ ಅಧಿಕಾಕ್ಷರವಾದ ವಿದ್ಯೆಯನ್ನು ಕೊಟ್ಟು ಸಾಧಿಸಲು ಹೇಳಿದರು. ವಿಕೃತಾಂಗಿಯರಾಗಿ ತೋರಿದ ದೇವತೆಯರನ್ನು ಕಂಡ ಮುನಿಗಳು, ದೋಷವಿರುವುದು ಮಂತ್ರದಲ್ಲಿ ಎಂದು ಊಹಿಸಿ, ಅಕ್ಷರವನ್ನು ಸೇರಿಸಿ, ಕಳೆದು ಶುದ್ಧಪಡಿಸಿಕೊಂಡರು. ಅನಂತರವೇ ಶ್ರುತೋಪದೇಶ ನಡೆಯಿತು.

ಈ ವೃತ್ತಾಂತವನ್ನು ಮುನಿಗಳ ಬುದ್ಧಿಪರೀಕ್ಷೆಯೆಂದಷ್ಟೇ ನೋಡುವುದು ರೂಢಿ. ಗ್ರಂಥರಕ್ಷಣೆಯ ದೃಷ್ಟಿಯಿಂದ ಅದರ ಅರ್ಥ ಇನ್ನೂ ಗಂಭೀರ. ಶ್ರುತವನ್ನು ಪಡೆಯುವವನು ಕೇಳಿದ್ದನ್ನು ಕೇಳಿದಂತೆ ಹಿಡಿದಿಟ್ಟುಕೊಂಡರೆ ಸಾಲದು. ಅಕ್ಷರ ಬಿದ್ದುದನ್ನೂ ಹೆಚ್ಚಾದುದನ್ನೂ ತಾನೇ ಕಂಡುಹಿಡಿದು ತಿದ್ದಬಲ್ಲವನಾಗಿರಬೇಕು. ಲಿಪಿಕಾರನ ಪ್ರಮಾದಗಳು ಮುಖ್ಯವಾಗಿ ಈ ಎರಡೇ ಬಗೆಯವೆಂಬುದನ್ನು ಹಸ್ತಪ್ರತಿ ಓದುವವರೆಲ್ಲ ಬಲ್ಲರು. ಶಿಷ್ಯರು ಇಬ್ಬರಾಗಿದ್ದುದೂ ಕಡೆಗಣಿಸುವ ಸಂಗತಿಯಲ್ಲ. ಪುಷ್ಪದಂತರು ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿ ಜಿನಪಾಲಿತನ ಕೈಯಲ್ಲಿ ಭೂತಬಲಿಗಳ ಬಳಿಗೆ ಕಳುಹಿಸಿದುದರಿಂದಲೇ ಷಟ್ಖಂಡಾಗಮವು ಪೂರ್ಣಗೊಂಡಿತು.

ಶ್ವೇತಾಂಬರ ಪರಂಪರೆಯಲ್ಲಿಯೂ ಇಂಥ ಸಂಗತಿ ಉಂಟು. ವೀರನಿರ್ವಾಣದ ಒಂಬತ್ತನೆಯ ಶತಮಾನದಲ್ಲಿ ಸ್ಕಂದಿಲಾಚಾರ್ಯರ ನೇತೃತ್ವದಲ್ಲಿ ಮಥುರೆಯಲ್ಲೂ ನಾಗಾರ್ಜುನಾಚಾರ್ಯರ ನೇತೃತ್ವದಲ್ಲಿ ವಲಭಿಯಲ್ಲೂ ಸರಿಸುಮಾರು ಒಂದೇ ಕಾಲಕ್ಕೆ ವಾಚನೆಗಳು ನಡೆದವು. ಇಬ್ಬರು ಆಚಾರ್ಯರು ಪರಸ್ಪರ ಭೇಟಿಯಾಗಲಿಲ್ಲ. ಹೀಗಾಗಿ ಎರಡು ಸ್ವತಂತ್ರ ಪಾಠಗಳು ಉಳಿದುಬಂದವು. ವೀರನಿರ್ವಾಣ ೯೮೦ರಲ್ಲಿ, ಮತಾಂತರದಲ್ಲಿ ೯೯೩ರಲ್ಲಿ, ದೇವರ್ಧಿಗಣಿ ಕ್ಷಮಾಶ್ರಮಣರು ವಲಭಿಯಲ್ಲಿ ಆಗಮಗಳನ್ನು ಲಿಪಿಗಿಳಿಸಿದಾಗ ಮಾಥುರೀ ವಾಚನೆಯನ್ನು ಮುಖ್ಯವಾಗಿ ಸ್ವೀಕರಿಸಿದರು. ನಾಗಾರ್ಜುನೀಯ ಪಾಠಭೇದಗಳನ್ನು ಅಳಿಸಿಹಾಕಲಿಲ್ಲ. ಅವುಗಳ ಉಲ್ಲೇಖ ಚೂರ್ಣಿ, ಟೀಕೆಗಳಲ್ಲಿ ಇಂದಿಗೂ ಸಿಗುತ್ತದೆ. ಏಕಪಾಠದ ಸೌಕರ್ಯಕ್ಕಾಗಿ ಭಿನ್ನಪಾಠವನ್ನು ಬಲಿಕೊಡಬಾರದೆಂಬ ವಿವೇಕವನ್ನು ಇಲ್ಲಿ ಕಾಣಬಹುದು.

ಅತ್ತಿಮಬ್ಬೆಯ ಸಾವಿರ ಪ್ರತಿಗಳು

ಕರ್ಣಾಟಕದಲ್ಲಿ ಬೀಜನ್ಯಾಯದ ಅತ್ಯುಜ್ವಲ ನಿದರ್ಶನ ದಾನಚಿಂತಾಮಣಿ ಅತ್ತಿಮಬ್ಬೆಯದು. ಅವಳ ತಂದೆ ಮಲ್ಲಪಯ್ಯ ಮತ್ತು ಆತನ ತಮ್ಮ ಪುನ್ನಮಯ್ಯ ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಅತ್ತಿಮಬ್ಬೆಯು ಆ ಗ್ರಂಥದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ರನ್ನನ ಅಜಿತಪುರಾಣವು ಕ್ರಿ.ಶ. ೯೯೩ರಲ್ಲಿ ಅವಳ ಆಶ್ರಯದಲ್ಲಿಯೇ ಪೂರ್ಣಗೊಂಡಿತು. ಲಕ್ಕುಂಡಿಯ ಬ್ರಹ್ಮಜಿನಾಲಯದ ೧೦೦೭ರ ಶಾಸನ ಅವಳ ದಾನಧರ್ಮಗಳನ್ನು ಸಾರುತ್ತದೆ.

ಸಾವಿರ ಪ್ರತಿಯೆಂದರೆ ಒಂದೊಂದು ಗರಿಯನ್ನೂ ಕೈಯಿಂದ ಬರೆಯಬೇಕಾದ ಕಾಲದಲ್ಲಿ ಎಷ್ಟು ಲಿಪಿಕಾರರ, ಎಷ್ಟು ದಿನಗಳ ಶ್ರಮವೆಂಬುದನ್ನು ಊಹಿಸಬಹುದು. ಅದರ ಫಲವನ್ನು ಅಳೆಯಲು ಒಂದು ಹೋಲಿಕೆ ಸಾಕು. ಪೊನ್ನನದೇ ಆದ ಭುವನೈಕರಾಮಾಭ್ಯುದಯ ಇಂದು ಲಭ್ಯವಿಲ್ಲ, ಶಾಂತಿಪುರಾಣ ಲಭ್ಯವಿದೆ. ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳೂ ದೊರೆತಿಲ್ಲ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳ ಗತಿಯೂ ಅದೇ. ಶಾಂತಿಪುರಾಣ ಉಳಿದದ್ದು ಸಾವಿರ ಪ್ರತಿಗಳ ಕಾರಣದಿಂದಲೇ ಎಂದು ನಿರ್ಣಯಿಸಲು ಪ್ರತ್ಯಕ್ಷ ಪ್ರಮಾಣವಿಲ್ಲ. ಅದು ಪುರಾಣವಾದುದರಿಂದ ಬಸದಿಗಳಲ್ಲಿ ಪಠನಕ್ಕೆ ಸೇರಿತ್ತೆಂಬುದೂ ಒಂದು ಕಾರಣವಾಗಿರಬಹುದು. ಆದರೂ ಒಬ್ಬನೇ ಕವಿಯ ಎರಡು ಕೃತಿಗಳಲ್ಲಿ ಹರಡಿದ್ದು ಉಳಿದು ಇನ್ನೊಂದು ಅಳಿಯಿತೆಂಬುದು ವಿಚಾರಾರ್ಹ.

ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರವನ್ನೂ ದಾನಗಳಲ್ಲಿ ಎಣಿಸಿದ ನಮ್ಮ ಪೂರ್ವಾಚಾರ್ಯರು ಪ್ರತಿ ಮಾಡಿಸುವುದನ್ನು ಪುಣ್ಯಕಾರ್ಯವನ್ನಾಗಿಸಿದರು. ಶ್ರುತಪಂಚಮೀ ನೋಂಪಿಯ ಉದ್ಯಾಪನೆಯಲ್ಲಿ ಗ್ರಂಥವನ್ನು ಬರೆಯಿಸಿ ಮುನಿಗಳಿಗೆ ಅರ್ಪಿಸುವ ಪದ್ಧತಿ ಬೆಳೆಯಿತು. ಮುನಿಗಳು ವಿಹಾರಶೀಲರಾದುದರಿಂದ ಗ್ರಂಥಗಳೂ ಅವರೊಡನೆ ಊರಿಂದೂರಿಗೆ ಸಂಚರಿಸಿ, ಚಾತುರ್ಮಾಸದ ನೆಲೆಗಳಲ್ಲಿ ಮತ್ತೆ ಪ್ರತಿಗೊಂಡವು. ಹದಿನೈದನೆಯ ಶತಮಾನದಲ್ಲಿ ಖರತರಗಚ್ಛದ ಜಿನಭದ್ರಸೂರಿಗಳು ಜೈಸಲ್ಮೇರ್, ಪಾಟಣ, ಖಂಭಾತ್ ಮೊದಲಾದ ದೂರದೂರದ ಸ್ಥಳಗಳಲ್ಲಿ ಭಂಡಾರಗಳನ್ನು ಸ್ಥಾಪಿಸಿ ಹಳೆಯ ಓಲೆಗ್ರಂಥಗಳನ್ನು ಕಾಗದಕ್ಕೆ ಇಳಿಸಿದ್ದು ಇದೇ ನೀತಿಯ ವ್ಯವಸ್ಥಿತ ರೂಪ.

ಪ್ರತಿಯ ಕೊನೆಯಲ್ಲಿ ನಮೂದಿಸುವ ಗ್ರಂಥಸಂಖ್ಯೆಯನ್ನೂ ಇಲ್ಲಿ ಸ್ಮರಿಸಬೇಕು. ಗದ್ಯವಿರಲಿ, ಪದ್ಯವಿರಲಿ, ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಒಟ್ಟು ಪ್ರಮಾಣವನ್ನು ಬರೆಯುವುದು ವಾಡಿಕೆ. ಲಿಪಿಕಾರನ ವೇತನಕ್ಕೆ ಅದು ಆಧಾರವಾಗಿದ್ದಿತು. ಜೊತೆಗೆ, ಮುಂದಿನ ಓದುಗನಿಗೆ ಪ್ರತಿಯು ಪೂರ್ಣವೇ ತ್ರುಟಿತವೇ ಎಂಬುದನ್ನು ಪರೀಕ್ಷಿಸುವ ಸಾಧನವೂ ಆಗಿದ್ದಿತು. ಗಣಕಯಂತ್ರಗಳಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ಪರಿಶೀಲನಾಂಕವನ್ನು ಲೆಕ್ಕಹಾಕಿ, ಮುಂದೆ ಅದು ಬದಲಾಯಿತೆ ಎಂದು ನೋಡುವ ಇಂದಿನ ಕ್ರಮದ ಹಿಂದಿರುವುದೂ ಇದೇ ಯೋಚನೆ.

ಸಿದ್ಧಾಂತಗ್ರಂಥಗಳ ಗಂಡಾಂತರ

ನಿಧಿನ್ಯಾಯದ ಗುಣದೋಷಗಳೆರಡನ್ನೂ ಮೂಡಬಿದರೆಯ ಸಿದ್ಧಾಂತಗ್ರಂಥಗಳ ಇತಿಹಾಸದಲ್ಲಿ ಕಾಣಬಹುದು. ವೀರಸೇನರು ಕ್ರಿ.ಶ. ೮೧೬ರಲ್ಲಿ ಮುಗಿಸಿದ ಧವಲೆ, ಅವರು ಆರಂಭಿಸಿ ಜಿನಸೇನರು ೮೩೭ರಲ್ಲಿ ಪೂರ್ಣಗೊಳಿಸಿದ ಜಯಧವಲೆ, ಮಹಾಧವಲೆಯೆಂದು ಪ್ರಸಿದ್ಧವಾದ ಮಹಾಬಂಧ, ಈ ಮೂರೂ ಕಾಲಾಂತರದಲ್ಲಿ ಬೇರೆಲ್ಲಿಯೂ ಲಭ್ಯವಿಲ್ಲದೆ ಮೂಡಬಿದರೆಯ ಸಿದ್ಧಾಂತಬಸದಿಯೊಂದರಲ್ಲಿಯೇ ಉಳಿದುಕೊಂಡವು. ಎಪ್ಪತ್ತೆರಡು ಸಾವಿರ ಗ್ರಂಥಪ್ರಮಾಣದ ಧವಲೆಯ ಒಂದಕ್ಕಿಂತ ಹೆಚ್ಚು ಓಲೆಪ್ರತಿಗಳು ಅಲ್ಲಿದ್ದರೂ ಎಲ್ಲವೂ ಒಂದೇ ಸೂರಿನ ಕೆಳಗಿದ್ದವು. ಒಂದು ಬೆಂಕಿಯ ಕಿಡಿಗೆ, ಒಂದು ಮಳೆಗಾಲದ ಸೋರಿಕೆಗೆ ಹತ್ತು ಪ್ರತಿಗಳೂ ಒಂದೇ, ಒಂದು ಪ್ರತಿಯೂ ಒಂದೇ. ಅಲ್ಲಿ ಬಾಹುಳ್ಯವಿದ್ದಿತು, ವಿಕಿರಣವಿರಲಿಲ್ಲ.

ಆದರೂ ಶತಮಾನಗಳ ಕಾಲ ಆ ಓಲೆಗಳನ್ನು ಕಾಪಾಡಿದ ಭಟ್ಟಾರಕರ ಮತ್ತು ಸ್ಥಳೀಯ ಶ್ರಾವಕರ ಶ್ರದ್ಧೆಯನ್ನು ಮರೆಯುವಂತಿಲ್ಲ. ಬೇರೆಡೆ ಅಳಿದದ್ದು ಅಲ್ಲಿ ಉಳಿಯಿತು. ಪರಸ್ಥಳಕ್ಕೆ ಪ್ರತಿ ಕೊಡಲು ಅವರು ಹಿಂಜರಿದುದಕ್ಕೆ ಆಶಾತನದ ಭಯವೂ ಗ್ರಂಥವು ಕೈತಪ್ಪಿ ಹೋದೀತೆಂಬ ಆತಂಕವೂ ಕಾರಣ.

ಮುಂಬಯಿಯ ಸೇಠ್ ಮಾಣಿಕಚಂದ್ ಅವರು ೧೮೮೩ರಲ್ಲಿ ಯಾತ್ರಾರ್ಥವಾಗಿ ಬಂದು ಈ ಗ್ರಂಥಗಳ ದರ್ಶನ ಪಡೆದರು. ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಅವರೊಡನೆ ಸೇರಿ ಪ್ರತಿ ಮಾಡಿಸುವ ಪ್ರಯತ್ನಕ್ಕೆ ತೊಡಗಿದರು. ೧೮೯೬ರಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಬರವಣಿಗೆಯನ್ನು ಆರಂಭಿಸಿದರು. ಪ್ರತಿಗಳ ಕಾರ್ಯ ಸಂಪೂರ್ಣವಾಗಿ ಮುಗಿದದ್ದು ೧೯೨೨ರಲ್ಲಿ. ಇಪ್ಪತ್ತಾರು ವರ್ಷಗಳ ಈ ಪರಿಶ್ರಮದ ಫಲವಾದ ಪ್ರತಿಗಳೂ ಮೂಡಬಿದರೆಯಲ್ಲಿಯೇ ಉಳಿಯಬೇಕೆಂಬುದು ಅಲ್ಲಿಯವರ ನಿರ್ಧಾರವಾಗಿತ್ತು.

ಗ್ರಂಥವು ಹೊರಬಂದದ್ದು ಬೇರೆ ದಾರಿಯಿಂದ. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಗುಪ್ತವಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿಕೊಂಡಿದ್ದರು. ಅದು ೧೯೧೫ರಲ್ಲಿ ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈಸೇರಿ ಅಲ್ಲಿಯ ಜಿನಮಂದಿರದಲ್ಲಿ ಸ್ಥಾಪಿತವಾಯಿತು. ಅದರಿಂದ ನಾಗರೀಪ್ರತಿ ಸಿದ್ಧವಾಯಿತು. ಪಂಡಿತ ಸೀತಾರಾಮ ಶಾಸ್ತ್ರಿಗಳ ಪ್ರತಿಯ ಮೂಲಕ ಆರಾ, ಕಾರಂಜಾ, ಅಮರಾವತಿ, ಸಾಗರ ಮೊದಲಾದ ಕಡೆಗಳಿಗೆ ಅದು ಹರಡಿತು. ಆ ಪ್ರತಿಗಳ ಆಧಾರದಿಂದ ಡಾ. ಹೀರಾಲಾಲ ಜೈನರ ಪ್ರಧಾನ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಅಮರಾವತಿಯಿಂದ ಷಟ್ಖಂಡಾಗಮದ ಮೊದಲ ಸಂಪುಟ ಪ್ರಕಟವಾಯಿತು. ಮುಂದಿನ ಎರಡು ದಶಕಗಳಲ್ಲಿ ಹದಿನಾರು ಸಂಪುಟಗಳೂ ಹೊರಬಂದವು.

ಈ ಪ್ರಸಂಗ ಧರ್ಮಸೂಕ್ಷ್ಮವಾದುದು. ಅನುಮತಿಯಿಲ್ಲದೆ ಪ್ರತಿಯನ್ನು ಹೊರಗೊಯ್ದುದು ಅಚೌರ್ಯವ್ರತಕ್ಕೆ ಬಾಧಕವೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆ ಪ್ರತಿಯಿಂದಲೇ ವಿದ್ವಲ್ಲೋಕಕ್ಕೆ ಸಿದ್ಧಾಂತದ ಬಾಗಿಲು ತೆರೆಯಿತೆಂಬುದನ್ನೂ ಅಲ್ಲಗಳೆಯುವಂತಿಲ್ಲ. ಶಾಸ್ತ್ರದಾನವು ಬಹಿರಂಗವಾಗಿ ನಡೆದಿದ್ದರೆ ಗುಪ್ತಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ ಎಂಬುದಷ್ಟೇ ಇಲ್ಲಿ ಗ್ರಹಿಸಬೇಕಾದ ನೀತಿ.

‘ಸಂಜದ’ ಶಬ್ದದ ಪಾಠ

ಹರಡುವಿಕೆಯಿಂದ ಎಲ್ಲವೂ ಸುರಕ್ಷಿತವಾಯಿತೆಂದು ತಿಳಿದರೆ ಅದೂ ತಪ್ಪು. ಸತ್ಪ್ರರೂಪಣೆಯ ತೊಂಬತ್ತಮೂರನೆಯ ಸೂತ್ರದಲ್ಲಿ ‘ಸಂಜದ’ ಎಂಬ ಶಬ್ದವು ಮೊದಲ ಸಂಪುಟದ ಸಂಪಾದನೆಗೆ ಆಧಾರವಾದ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಅರ್ಥವನ್ನು ವಿಚಾರಿಸಿದ ಸಂಪಾದಕರು ಆ ಶಬ್ದ ಅಲ್ಲಿರಬೇಕೆಂದು ಊಹಿಸಿ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ದ್ರವ್ಯಸ್ತ್ರೀ, ಭಾವಸ್ತ್ರೀ ವಿಚಾರಕ್ಕೆ ಸಂಬಂಧಿಸಿದ್ದರಿಂದ ಆ ಒಂದು ಶಬ್ದದ ಬಗ್ಗೆ ದೊಡ್ಡ ವಿವಾದವೇ ನಡೆಯಿತು. ಮುಂದೆ ಮೂಡಬಿದರೆಯ ಓಲೆಪ್ರತಿಯೊಡನೆ ತಾಳೆ ನೋಡಿದಾಗ ಆ ಶಬ್ದ ಅಲ್ಲಿ ಇದ್ದುದು ಕಂಡುಬಂದಿತು. ಸೂತ್ರದ ತಾತ್ಪರ್ಯವನ್ನು ನಿರ್ಣಯಿಸುವುದು ಈ ಲೇಖನದ ವಿಷಯವಲ್ಲ. ಪ್ರತಿಗಳ ಪರಂಪರೆಯ ದೃಷ್ಟಿಯಿಂದ ಮಾತ್ರ ಇದರಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ.

ಒಂದು: ಅಮರಾವತಿ, ಆರಾ, ಕಾರಂಜಾಗಳ ಪ್ರತಿಗಳು ಸ್ಥಳದಿಂದ ಮೂರಾದರೂ ಸಾಕ್ಷ್ಯದಿಂದ ಒಂದೇ. ಒಂದೇ ಮೂಲದಿಂದ ಇಳಿದುಬಂದುದರಿಂದ ಆ ಮೂಲದಲ್ಲಿ ಬಿದ್ದುಹೋದ ಶಬ್ದ ಎಲ್ಲದರಲ್ಲಿಯೂ ಬಿದ್ದುಹೋಯಿತು. ಪ್ರತಿಗಳ ಸಂಖ್ಯೆಯನ್ನು ಎಣಿಸಿ ಪಾಠವನ್ನು ನಿರ್ಣಯಿಸುವುದು ಅಪಾಯಕರವೆಂಬ ಪಾಠಶೋಧನೆಯ ಮೂಲಸೂತ್ರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ.

ಎರಡು: ಲೋಪವನ್ನು ಮೊದಲು ತೋರಿಸಿಕೊಟ್ಟದ್ದು ಮತ್ತೊಂದು ಪ್ರತಿಯಲ್ಲ, ವೀರಸೇನರ ಟೀಕೆ. ಟೀಕೆಯು ಅರ್ಥವನ್ನು ವಿವರಿಸುವುದರ ಜೊತೆಗೆ ಮೂಲವನ್ನು ಬೇರೊಂದು ರೂಪದಲ್ಲಿ ತನ್ನೊಳಗೆ ಕಾಯ್ದಿಡುತ್ತದೆ. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ೧೯೬೦ರಲ್ಲಿ ರೂಪಿಸಿದ ಗಣಿತಪದ್ಧತಿಯಲ್ಲಿ ಮೂಲದೊಡನೆ ಅದರಿಂದ ನಿಷ್ಪನ್ನವಾದ ಕೆಲವು ಅಧಿಕಾಂಶಗಳನ್ನೂ ಸೇರಿಸಿಡುತ್ತಾರೆ. ಕೆಲವು ತುಣುಕುಗಳು ಹಾಳಾದರೂ ಉಳಿದವುಗಳಿಂದ ಪೂರ್ಣವನ್ನು ಮರಳಿ ಪಡೆಯಬಹುದು. ಸೂತ್ರಕ್ಕೂ ಟೀಕೆಗೂ ಇರುವ ಸಂಬಂಧ ಇದನ್ನೇ ಹೋಲುತ್ತದೆ.

ಮೂರು: ಅಂತಿಮನಿರ್ಣಯಕ್ಕೆ ಮೂಲ ಓಲೆಯೇ ಬೇಕಾಯಿತು. ಪ್ರತಿಗಳು ಹರಡಿದವೆಂದು ಮೂಲವನ್ನು ಅಲಕ್ಷಿಸಿದ್ದರೆ ವಿವಾದವು ಎಂದಿಗೂ ಬಗೆಹರಿಯುತ್ತಿರಲಿಲ್ಲ.

ಮಹಾಬಂಧದಲ್ಲಿ ಇಂಥ ಪರಿಹಾರವೂ ಸಾಧ್ಯವಾಗಲಿಲ್ಲ. ಅದರ ಓಲೆಪ್ರತಿಯ ಕೆಲವು ಗರಿಗಳು ನಷ್ಟವಾಗಿದ್ದವು. ಬೇರೆ ಸಾಕ್ಷ್ಯವಿಲ್ಲದ ಕಾರಣ ೧೯೪೭ರಿಂದ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ಮುದ್ರಣದಲ್ಲಿಯೂ ಆ ಭಾಗಗಳು ತ್ರುಟಿತವಾಗಿಯೇ ಉಳಿದವು. ಆ ಗರಿಗಳು ಹಾಳಾಗುವ ಮೊದಲು ದೂರದ ಒಂದು ಬಸದಿಗೆ ಒಂದು ಪ್ರತಿ ಹೋಗಿದ್ದರೆ ಸಾಕಾಗಿತ್ತು. ಸಿದ್ಧಾಂತಗ್ರಂಥಗಳ ಕ್ಷಯವನ್ನು ಕೇಳಿ ಮನನೊಂದ ಆಚಾರ್ಯ ಶಾಂತಿಸಾಗರ ಮಹಾರಾಜರು ೧೯೪೦ರ ದಶಕದಲ್ಲಿ ಅವುಗಳನ್ನು ತಾಮ್ರಪಟಗಳ ಮೇಲೆ ಕೊರೆಯಿಸುವಂತೆ ಪ್ರೇರಣೆ ನೀಡಿದರು. ಫಲಟಣದಲ್ಲಿ ಅವು ಸುರಕ್ಷಿತವಾಗಿವೆ.

ಆಧುನಿಕರ ಪ್ರಯೋಗಗಳು

ಈ ಹಿನ್ನೆಲೆಯಲ್ಲಿ ಗಣಕವಿಜ್ಞಾನಿಗಳ ಕೆಲವು ಪ್ರಯೋಗಗಳನ್ನು ಸಂಕ್ಷೇಪವಾಗಿ ನೋಡಬಹುದು. ೧೯೮೭ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನ ಕೇಂದ್ರದ ವಿದ್ವಾಂಸರು, ಸಾಂಕ್ರಾಮಿಕ ರೋಗವು ಒಬ್ಬರಿಂದೊಬ್ಬರಿಗೆ ಹರಡುವ ಕ್ರಮವನ್ನೇ ಅನುಸರಿಸಿ ಹಲವು ಯಂತ್ರಗಳಲ್ಲಿರುವ ದತ್ತಪ್ರತಿಗಳನ್ನು ಸಮಾನವಾಗಿಡುವ ವಿಧಾನವನ್ನು ಪ್ರಕಟಿಸಿದರು. ಪ್ರತಿಯೊಂದು ಯಂತ್ರವೂ ಆಗಾಗ ಬೇರೊಂದನ್ನು ಸಂಧಿಸಿ, ತನ್ನಲ್ಲಿರುವುದನ್ನೂ ಅದರಲ್ಲಿರುವುದನ್ನೂ ಹೋಲಿಸಿ, ಹೊಸದನ್ನು ಕೊಟ್ಟು ಕೊಳ್ಳುತ್ತದೆ. ವಿಹಾರದಲ್ಲಿ ಸಂಧಿಸಿದ ಮುನಿಸಂಘಗಳು ಪರಸ್ಪರ ಪ್ರತಿಗಳನ್ನು ನೋಡಿಕೊಳ್ಳುತ್ತಿದ್ದ ಕ್ರಮಕ್ಕೂ ಇದಕ್ಕೂ ಸಾಮ್ಯ ಸ್ಪಷ್ಟ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯವು ೧೯೯೯ರಲ್ಲಿ ‘ಲಾಕ್ಸ್’ ಎಂಬ ಯೋಜನೆಯನ್ನು ಆರಂಭಿಸಿತು. ಹೆಚ್ಚು ಪ್ರತಿಗಳಿದ್ದರೆ ವಸ್ತು ಸುರಕ್ಷಿತವೆಂಬುದೇ ಆ ಹೆಸರಿನ ವಿಸ್ತೃತಾರ್ಥ. ಬೇರೆ ಬೇರೆ ಗ್ರಂಥಾಲಯಗಳು ಒಂದೇ ನಿಯತಕಾಲಿಕದ ತಮ್ಮ ತಮ್ಮ ಪ್ರತಿಗಳನ್ನು ಇಟ್ಟುಕೊಂಡು ಆಗಾಗ ಪರಸ್ಪರ ತಾಳೆ ನೋಡುತ್ತವೆ. ಯಾವುದರಲ್ಲಿ ವಿಕಾರ ಕಂಡುಬಂದರೂ ಉಳಿದವುಗಳಿಂದ ಅದು ಶುದ್ಧವಾಗುತ್ತದೆ. ಪಾಠಶೋಧಕರು ಕೈಯಿಂದ ಮಾಡುವ ಕೆಲಸವನ್ನು ಇಲ್ಲಿ ಯಂತ್ರವು ನಿರಂತರವಾಗಿ ಮಾಡುತ್ತದೆ.

ಜೀವಕೋಶವೇ ಗ್ರಂಥಾಧಾರವಾಗಿ ಬಳಸುವ ದ್ರವ್ಯವನ್ನೂ ಪ್ರಯೋಗಕ್ಕೆ ಒಳಪಡಿಸಲಾಗಿದೆ. ಬ್ರಿಟನ್ನಿನ ನಿಕ್ ಗೋಲ್ಡ್‌ಮನ್ ಮತ್ತು ಸಂಗಡಿಗರು ೨೦೧೩ರಲ್ಲಿ ಶೇಕ್ಸ್‌ಪಿಯರನ ೧೫೪ ಸಾನೆಟ್‌ಗಳೇ ಮೊದಲಾದವನ್ನು ಕೃತಕವಾಗಿ ರಚಿಸಿದ ಡಿಎನ್ಎ ತುಣುಕುಗಳಲ್ಲಿ ಬರೆದು ಮರಳಿ ಓದಿದರು. ಒಂದೊಂದು ಅಂಶವೂ ನಾಲ್ಕು ತುಣುಕುಗಳಲ್ಲಿ ಬರುವಂತೆ ಅವರು ಯೋಜಿಸಿದ್ದರು. ಬೀಜಗಳ ವಿಷಯದಲ್ಲಿಯೂ ಹೀಗೆಯೇ. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ ೨೦೦೮ರಲ್ಲಿ ತೆರೆದ ಜಾಗತಿಕ ಬೀಜಭಂಡಾರವು ಬೇರೆ ಬೇರೆ ದೇಶಗಳ ಬೀಜಸಂಗ್ರಹಗಳ ಎರಡನೆಯ ಪ್ರತಿಯನ್ನು ಕಾಯುತ್ತದೆ. ಸಿರಿಯಾದ ಅಲೆಪ್ಪೊ ನಗರದ ಬಳಿಯಿದ್ದ ಬೀಜಸಂಗ್ರಹ ಯುದ್ಧದಿಂದ ಕೈಗೆಟುಕದಂತಾದಾಗ, ೨೦೧೫ರಲ್ಲಿ ಇಲ್ಲಿಂದ ಬೀಜಗಳನ್ನು ಹಿಂದಕ್ಕೆ ಪಡೆದು ಲೆಬನಾನ್, ಮೊರಾಕೊಗಳಲ್ಲಿ ಬಿತ್ತಿ ಸಂಗ್ರಹವನ್ನು ಪುನಃ ಬೆಳೆಸಲಾಯಿತು.

ಭಂಡಾರಗಳ ಮುಂದಿನ ಕರ್ತವ್ಯ

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ ೧೯೪೮ರಲ್ಲಿ ಪ್ರಕಟವಾದಾಗ, ಎಲ್ಲಿ ಏನಿದೆ ಎಂಬುದು ವಿದ್ವಾಂಸರಿಗೆ ತಿಳಿಯುವಂತಾಯಿತು. ೨೦೦೩ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವೂ ೨೦೨೫ರ ಕೇಂದ್ರ ಆಯವ್ಯಯದಲ್ಲಿ ಘೋಷಿತವಾದ ಜ್ಞಾನಭಾರತಂ ಯೋಜನೆಯೂ ಈ ಕಾರ್ಯವನ್ನು ದೇಶವ್ಯಾಪಿಯಾಗಿ ಕೈಗೊಂಡಿವೆ. ಇಂಥ ಸಂದರ್ಭದಲ್ಲಿ ಬಸದಿ, ಮಠಗಳ ಅಧಿಕಾರಿಗಳಿಗೆ ಎರಡು ಬಗೆಯ ಶಂಕೆ ಉಂಟಾಗುವುದು ಸಹಜ. ಛಾಯಾಪ್ರತಿ ಕೊಟ್ಟರೆ ಗ್ರಂಥದ ಮೇಲಿನ ತಮ್ಮ ಅಧಿಕಾರ ಹೋಗುವುದೆಂಬ ಶಂಕೆ ಒಂದು. ಎಲ್ಲವೂ ಒಂದು ದೊಡ್ಡ ಕೇಂದ್ರವನ್ನು ಸೇರಿದರೆ ಮೂಲವನ್ನು ಯಾರೂ ಕೇಳದಂತಾಗುವುದೆಂಬುದು ಇನ್ನೊಂದು.

ಬೀಜನ್ಯಾಯದಲ್ಲಿ ಎರಡಕ್ಕೂ ಸಮಾಧಾನವಿದೆ. ಬೀಜವನ್ನು ಕೊಟ್ಟದ್ದರಿಂದ ವೃಕ್ಷದ ನೆಲ ಪರರದಾಗುವುದಿಲ್ಲ. ಓಲೆಯು ತನ್ನ ಸ್ಥಾನದಲ್ಲಿಯೇ ಪೂಜೆಗೊಳ್ಳುತ್ತ ಇರಲಿ, ಅದರ ಪ್ರತಿಗಳು ಹೋಗಲಿ. ಹೋಗುವ ಪ್ರತಿಗಳು ಒಂದೇ ಕೇಂದ್ರಕ್ಕೆ ಹೋಗದೆ, ಪರಸ್ಪರ ದೂರವಾದ, ಬೇರೆ ಬೇರೆ ಆಡಳಿತಕ್ಕೆ ಒಳಪಟ್ಟ ಕನಿಷ್ಠ ಮೂರು ಭಂಡಾರಗಳಿಗೆ ಹೋಗಲಿ. ಅವು ಒಂದರಿಂದೊಂದು ಇಳಿದ ನಕಲುಗಳಾಗದೆ, ಸಾಧ್ಯವಾದಷ್ಟು ಮೂಲದಿಂದಲೇ ನೇರವಾಗಿ ತೆಗೆದವುಗಳಾಗಿರಲಿ. ಪ್ರತಿಯೊಂದರೊಡನೆ ಗರಿಗಳ ಸಂಖ್ಯೆ, ಗ್ರಂಥಸಂಖ್ಯೆ, ಪ್ರಶಸ್ತಿಯ ವಿವರ ಮತ್ತು ಪರಿಶೀಲನಾಂಕಗಳು ನಮೂದಾಗಿರಲಿ. ವರ್ಷಕ್ಕೊಮ್ಮೆ ಅವುಗಳನ್ನು ಪರಸ್ಪರ ತಾಳೆ ನೋಡುವ ಕಟ್ಟುಪಾಡು ಇರಲಿ. ಶ್ರುತಪಂಚಮಿಯಂದು ಕಟ್ಟುಗಳನ್ನು ಬಿಚ್ಚಿ, ಒರೆಸಿ, ಹೊಸ ವಸ್ತ್ರದಲ್ಲಿ ಸುತ್ತಿಡುವ ಆಚರಣೆ ಹೇಗೂ ಇದೆ. ಪ್ರತಿಗಳ ಪರಿಶೀಲನೆಗೂ ಅದೇ ದಿನ ಪ್ರಶಸ್ತ.

ಧರಸೇನಾಚಾರ್ಯರು ಚಂದ್ರಗುಹೆಯಲ್ಲಿದ್ದುಕೊಂಡೇ ಶ್ರುತವನ್ನು ಕಾಯಲು ಯತ್ನಿಸಲಿಲ್ಲ, ದೂರದ ಸಂಘಕ್ಕೆ ಲೇಖವನ್ನು ಕಳುಹಿಸಿದರು. ಅತ್ತಿಮಬ್ಬೆಯು ಒಂದು ಪ್ರತಿಗೆ ರತ್ನಖಚಿತ ಪೆಟ್ಟಿಗೆಯನ್ನು ಮಾಡಿಸಿ ತೃಪ್ತಳಾಗಲಿಲ್ಲ, ಸಾವಿರ ಪ್ರತಿಗಳನ್ನು ಮಾಡಿಸಿದಳು. ಮಹಾಬಂಧದ ನಷ್ಟವಾದ ಗರಿಗಳು ಇನ್ನು ಮರಳಿ ಬರುವಂತಿಲ್ಲ. ಇನ್ನೂ ಏಕಪ್ರತಿಯಾಗಿಯೇ ಉಳಿದಿರುವ ಗ್ರಂಥಗಳು ಯಾವುವೆಂಬುದನ್ನು ಪ್ರತಿಯೊಂದು ಭಂಡಾರವೂ ತನ್ನ ಸೂಚಿಯಲ್ಲಿ ಗುರುತಿಸಿ, ಅವುಗಳಿಂದಲೇ ಪ್ರತಿಕರಣವನ್ನು ಆರಂಭಿಸುವುದು ಇಂದಿನ ಮೊದಲ ಶಾಸ್ತ್ರದಾನ.